ಮುತ್ಯಾ ಬಿಟ್ಟುಕೊಟ್ಟ ಮಣೆ

ನಮ್ಮ ಮನೆಯಲ್ಲಿ ಊಟಕ್ಕೆ ಐದು ಮಣೆಗಳಿದ್ದವು, ಉಣ್ಣುವವರೂ ಐದೇ ಮಂದಿ: ನನ್ನ ಅಜ್ಜ ಮುತ್ಯಾ, ಅಜ್ಜಿ ಆಯಿ, ಅಪ್ಪ, ಅವ್ವ, ನಾನು. ಬೀದರಿನ ಮೈಲೂರಿನಲ್ಲಿದ್ದ ಆ ಮನೆಯ ಅಡುಗೆಮನೆಗೂ ಪಡಸಾಲೆಗೂ ನಡುವೆ ಬಾಗಿಲಿಲ್ಲದ ಒಂದು ಉದ್ದನೆ ಕೋಣೆ, ಅದರ ನೆಲಕ್ಕೆ ಶಹಾಬಾದಿ ಫರಸಿ. ಚಳಿಗಾಲದಲ್ಲಿ ಆ ಕಲ್ಲು ಎಷ್ಟು ಕೊರೆಯುತ್ತಿತ್ತೆಂದರೆ, ಬರಿನೆಲದ ಮೇಲೆ ಕೂತವರಿಗೆ ಎರಡನೇ ರೊಟ್ಟಿ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಮಣೆ ನಮ್ಮಲ್ಲಿ ಶೋಕಿಯ ಸಾಮಾನಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಮುತ್ಯಾನದು. ವರ್ಷಗಟ್ಟಲೆ ಪರೇಡಿನಲ್ಲಿ ಹೆಜ್ಜೆ ಹಾಕಿ ಅವನ ಬಲ ಮೊಣಕಾಲು ಕೆಟ್ಟಿತ್ತು, ಮಡಚಲು ಬರುತ್ತಿರಲಿಲ್ಲ. ಅವನು ಮಣೆಯ ಒಂದು ತುದಿಯಲ್ಲಿ ಕೂತು ಆ ಕಾಲನ್ನು ಇನ್ನೊಂದು ತುದಿಯವರೆಗೂ ಚಾಚಿಕೊಳ್ಳುತ್ತಿದ್ದ. ಅಷ್ಟು ಉದ್ದದ ಸಾಗವಾನಿ ಹಲಗೆಯನ್ನು ಚಿಂತಾಕಿಯಿಂದ, ಆಯಿಯ ತವರುಮನೆಯಿಂದ, ಬಸ್ಸಿನ ಮೇಲೆ ಹೇರಿಕೊಂಡು ಬಂದಿದ್ದರಂತೆ. ಆಯಿ ಆ ಮಣೆಯ ಮಾತು ಬಂದಾಗಲೆಲ್ಲ ತವರಿನ ಮಾತು ತೆಗೆಯುತ್ತಿದ್ದಳು, ಅವ್ವ ಆಗ ರೊಟ್ಟಿಯನ್ನು ಸ್ವಲ್ಪ ಜೋರಾಗಿ ತಟ್ಟುತ್ತಿದ್ದಳು.

ಮುತ್ಯಾ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತನಾದವನು. ನಿವೃತ್ತಿಯ ಮೇಲೂ, ಅದೇ ಬ್ಯಾಂಡಿನಲ್ಲಿ ಜೊತೆಗಿದ್ದ ಭಾಲ್ಕಿಯ ಗೆಳೆಯ ಖಾಜಾಮಿಯಾ ಕಾಕಾನ ಮದುವೆ ಬ್ಯಾಂಡಿನಲ್ಲಿ ಒಂದಷ್ಟು ವರ್ಷ ಊದಿದ. ಆಮೇಲೆ ಒಂದೊಂದಾಗಿ ಮುಂದಿನ ಹಲ್ಲುಗಳು ಬಿದ್ದವು. ಹಲ್ಲಿಲ್ಲದೆ ಕ್ಲಾರಿನೆಟ್ ಬಾಯಲ್ಲಿ ನಿಲ್ಲುವುದಿಲ್ಲ. ಕಟ್ಟಿಸಿದ ಹಲ್ಲು ಊದುವ ರಭಸಕ್ಕೆ ಜಾರಿ ಕೆಳಗೆ ಬರುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಆಯಿ ಚೇಷ್ಟೆ ಮಾಡುತ್ತಿದ್ದಳು, ಮುತ್ಯಾ ನಗುತ್ತಿರಲಿಲ್ಲ. ವಾದ್ಯವನ್ನು ಅದರ ಡಬ್ಬಿಯಲ್ಲಿಟ್ಟು, ಬ್ಯಾಂಡಿನ ಕಾಗದಗಳನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು, ಕಟ್ಟೆಯ ಮೇಲೆ ಕೂತು ದಾರಿ ನೋಡುವವನಾದ. ಊದುವುದು ನಿಂತ ಮೇಲೆ ಮಾತೂ ಕಡಿಮೆಯಾಯಿತು. ಮನೆಯಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ, ಇದನ್ನು ಮುಚ್ಚಿಡುವುದರಿಂದ ಉಪಯೋಗವಿಲ್ಲ.

ನನಗೆ ಹನ್ನೆರಡು ತುಂಬಿದಾಗ ಮನೆಗೆ ಗಿಟಾರ್ ಬಂತು. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಕೇರಳದ ನರ್ಸ್ ಅಕ್ಕ ವರ್ಗವಾಗಿ ಹೋಗುವಾಗ, ಸಾಮಾನು ಹೆಚ್ಚಾಯಿತೆಂದು ಅದನ್ನು ನನಗೆ ಕೊಟ್ಟಳು. ನನ್ನ ಕಾನ್ವೆಂಟ್ ಸಾಲೆಯಲ್ಲಿ ಒಂದು ಹಾಡಿನ ತಂಡವಿತ್ತು. ಅದನ್ನು ನಡೆಸುತ್ತಿದ್ದ ಸಿಸ್ಟರ್ ಪ್ರತಿ ಶನಿವಾರ ಹೊಸ ಹಾಡು ತರುತ್ತಿದ್ದರು. ಐದು ಗೆರೆಗಳ ಮೇಲೆ ಇರುವೆ ಹರಿದಂತೆ ಸ್ವರ ಬರೆದ ಕಾಗದ ಅದು. ಮೊದಲ ಸಲ ನೋಡಿದ ಕೂಡಲೇ ಓದಿ ನುಡಿಸಬಲ್ಲವರಿಗೆ ಮಾತ್ರ ವಾದ್ಯದವರ ಬೆಂಚಿನಲ್ಲಿ ಜಾಗ. ನನಗೆ ಆ ಬೆಂಚು ಬೇಕಿತ್ತು. ಯಾಕೆ ಬೇಕಿತ್ತೆಂದರೆ ಅಲ್ಲಿ ಕೂತ ಹುಡುಗಿಯರು ಪ್ರಾರ್ಥನೆಯ ಹೊತ್ತಿಗೆ ಬಿಸಿಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಸಂಗೀತದ ಪ್ರೀತಿ ಆಮೇಲೆ ಬಂದದ್ದು. ಒಂದು ದಿನ ಊಟದಲ್ಲಿ ಈ ವಿಷಯ ಹೇಳಿ, ಆ ಇರುವೆಗಳನ್ನು ಓದುವುದು ಯಾರಿಂದ ಆದೀತು ಎಂದು ಗೊಣಗಿದೆ. ಮುತ್ಯಾ ತುತ್ತು ಬಾಯಿಗೆ ಒಯ್ಯುತ್ತಿದ್ದವನು ನಿಲ್ಲಿಸಿದ.

"ಅಂಬೂ, ಕಾಗದ ಓದೂದು ನಾ ಕಲಸ್ತೇನಿ."

ಮೂವತ್ತು ವರ್ಷ ಅಂಥ ಕಾಗದವನ್ನೇ ಓದಿ ಹೊಟ್ಟೆ ಹೊರೆದವನು ಮನೆಯಲ್ಲೇ ಇದ್ದ ಎಂಬುದು ನಮಗೆಲ್ಲ ಆಗ ನೆನಪಾಯಿತು.

ಮುತ್ಯಾನಿಗೆ ಓದು ಬರುತ್ತಿತ್ತು, ಗಿಟಾರ್ ಬರುತ್ತಿರಲಿಲ್ಲ. ಅದರ ಕುತ್ತಿಗೆಯ ಮೇಲೆ ಆರು ತಂತಿ, ಅಡ್ಡಡ್ಡವಾಗಿ ಕೂರಿಸಿದ ಹಿತ್ತಾಳೆ ಪಟ್ಟಿಗಳು. ಎರಡು ಪಟ್ಟಿಗಳ ನಡುವಿನ ಜಾಗಕ್ಕೆ ನಾವು ಚೌಕಾಬಾರದ ಹಲಗೆಯಲ್ಲಿ ಕರೆಯುವಂತೆ ಮನೆ ಎಂದೇ ಕರೆದೆವು. ಯಾವ ತಂತಿಯ ಯಾವ ಮನೆಯಲ್ಲಿ ಯಾವ ಸ್ವರ ಇದೆ ಎಂದು ತೋರಿಸುವ ಪುಸ್ತಕವಿರಲಿಲ್ಲ. ಮುತ್ಯಾ ಅದಕ್ಕೊಂದು ಉಪಾಯ ಮಾಡಿದ. ಡಬ್ಬಿಯಿಂದ ಕ್ಲಾರಿನೆಟ್ ತೆಗೆದು, ಬೋಳು ವಸಡಿಗೆ ತುಟಿ ಒತ್ತಿ, ಬಹಳ ಕಷ್ಟಪಟ್ಟು ಒಂದೇ ಒಂದು ಸ್ವರ ಹೊರಡಿಸಿದ. ಇದು ಸಿ, ನೆನಪಿಟ್ಟುಕೋ ಅಂದ. ಆ ಕಾಗದದ ಸ್ವರಗಳಿಗೆ ಇಂಗ್ಲಿಷಿನ ಎ, ಬಿ, ಸಿ ಅಕ್ಷರಗಳೇ ಹೆಸರು. ಆಮೇಲೆ ನಾನು ಒಂದೊಂದೇ ಮನೆ ಒತ್ತಿ ಮೀಟುತ್ತ ಹೋದೆ, ಅವನು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತ ಹೋದ. ಮೂರನೇ ತಂತಿಯ ಮೂರನೇ ಮನೆಗೆ ಬಂದಾಗ ಕೈಯೆತ್ತಿದ. ಸಿ ಸಿಕ್ಕಿತು. ಒಂದು ಸಿಕ್ಕ ಮೇಲೆ ಉಳಿದವನ್ನು ಎಣಿಸಿ ಹಿಡಿಯುವುದು ಅವನಿಗೆ ಕಷ್ಟವಾಗಲಿಲ್ಲ. ಎರಡು ದಿನದಲ್ಲಿ ಇಡೀ ಕುತ್ತಿಗೆಯ ಲೆಕ್ಕ ಮುಗಿಯಿತು.

ಆ ಲೆಕ್ಕವನ್ನು ಬರೆಯಲು ಗಿಟಾರಿನಷ್ಟೇ ಉದ್ದದ ಹಲಗೆ ಬೇಕಾಯಿತು. ಮುತ್ಯಾ ತನ್ನ ಮಣೆಯನ್ನೇ ಬೋರಲು ಹಾಕಿ, ಬಾಗಿಲಿಗೆ ಬಳಿದು ಉಳಿದಿದ್ದ ಬಣ್ಣದಿಂದ ಆರು ಗೆರೆ ಉದ್ದಕ್ಕೆ, ಹನ್ನೆರಡು ಗೆರೆ ಅಡ್ಡಕ್ಕೆ ಎಳೆದು, ಪ್ರತಿ ಮನೆಯಲ್ಲೂ ಕೆಂಪು ಅಕ್ಷರ ಬರೆದ. ಹಗಲು ಅದು ನನ್ನ ಪಾಠದ ಹಲಗೆ, ಊಟದ ಹೊತ್ತಿಗೆ ತಿರುಗಿಸಿದರೆ ತನ್ನ ಮಣೆ ಎಂಬುದು ಅವನ ಯೋಜನೆ. ಮೊದಲ ದಿನವೇ ಆಯಿ ತಕರಾರು ತೆಗೆದಳು. ಅಕ್ಷರ ಅಂದರೆ ಸರಸ್ವತಿ, ಅದರ ಮೇಲೆ ಕುಂಡಿ ಊರಿ ಕೂಡುವ ಮನೆತನ ನಮ್ಮದಲ್ಲ ಎಂದಳು. ಅಕ್ಷರ ಕೆಳಗಿನ ಮುಖದಲ್ಲಿವೆ, ಕೂಡುವುದು ಮೇಲೆ ಎಂದು ಮುತ್ಯಾ ವಾದಿಸಿದ. ನೆಲಕ್ಕೆ ಮುಖ ಮಾಡಿಸಿ ಮೇಲೆ ಕೂತರೆ ಎರಡು ಪಾಪ ಎಂದಳು ಆಯಿ. ನಾವು ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ. ವಾದದಲ್ಲಿ ಆಯಿಯೇ ಗೆದ್ದಳು. ಅಪ್ಪ ತನ್ನ ಮಣೆ ಕೊಡಲು ಬಂದ, ಅದು ಮುತ್ಯಾನ ಕಾಲಿಗೆ ಸಾಲದು. ಬಡಗಿಗೆ ಹೇಳಿ ಇನ್ನೊಂದು ಮಾಡಿಸೋಣವೆಂದರೆ ಮುತ್ಯಾ ಬೇಡವೆಂದ. ಹುಡುಗಿ ಕಲಿತಾದ ಮೇಲೆ ಬಡಗಿಯಿಂದ ಇದನ್ನೇ ಹೆರೆಸಿ, ಅಕ್ಷರ ತೆಗೆಸಿ, ತಿರುಗಿ ಕೂಡುತ್ತೇನೆ, ಎಷ್ಟು ದಿನದ ಮಾತು ಅಂದ. ಅಂದಿನಿಂದ ಅವನು ಗೋಣಿಚೀಲ ಮಡಚಿ ಹಾಸಿಕೊಂಡು, ಕೆಟ್ಟ ಕಾಲನ್ನು ತಣ್ಣನೆ ಫರಸಿಯ ಮೇಲೆ ಚಾಚಿ ಉಣ್ಣತೊಡಗಿದ. ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದ. ನಾನು ಎಷ್ಟು ಬೇಗ ಕಲಿತರೆ ಮುತ್ಯಾನಿಗೆ ಅಷ್ಟು ಬೇಗ ಮಣೆ ಸಿಗುತ್ತದೆ ಎಂದು ಅವ್ವ ನನಗೆ ದಿನಾ ಹೇಳುತ್ತಿದ್ದಳು.

ಬ್ಯಾಂಡಿನವರು ಕಲಿಸುವ ರೀತಿ ಸಾಲೆಯ ರೀತಿಯಲ್ಲ. ದಿನಕ್ಕೊಂದು ಅಕ್ಷರ. ಇಂದು ಸಿ ಎಂದರೆ, ಇಡೀ ಕುತ್ತಿಗೆಯ ಮೇಲೆ ಎಲ್ಲೆಲ್ಲಿ ಸಿ ಇದೆಯೋ ಎಲ್ಲವನ್ನೂ ಕಣ್ಣುಮುಚ್ಚಿ ಮುಟ್ಟಬೇಕು. ಒಂದೇ ಹೆಸರಿನವರು ಊರಲ್ಲಿ ನಾಲ್ಕು ಕಡೆ ಇರುತ್ತಾರೆ, ನಾಲ್ಕೂ ಮನೆಯ ದಾರಿ ಗೊತ್ತಿರಬೇಕು ಎನ್ನುತ್ತಿದ್ದ ಮುತ್ಯಾ. ಬೆಳಗ್ಗೆ ಅವ್ವ ರೊಟ್ಟಿ ತಟ್ಟುವಾಗ ನಾನು ಒಲೆಯ ಪಕ್ಕ ಕೂಡಬೇಕು, ಮಣೆ ಅವಳೆದುರು ಗೋಡೆಗೆ ಆನಿಸಿರುತ್ತಿತ್ತು. ನಾಕನೇ ತಂತಿ, ಐದನೇ ಮನಿ ಎಂದು ಅವಳು ಕೇಳುವಳು, ಎ ಎಂದು ನಾನು ಹೇಳಬೇಕು. ತಪ್ಪಿದರೆ ಆ ರೊಟ್ಟಿ ಅಪ್ಪನ ತಾಟಿಗೆ ಹೋಗುತ್ತಿತ್ತು. ನಾಲ್ಕನೇ ಇಯತ್ತೆ ಕಲಿತಿದ್ದ ನನ್ನ ಅವ್ವ ಕೇಳುತ್ತ ಕೇಳುತ್ತ ಇಡೀ ಮಣೆಯನ್ನು ಬಾಯಿಪಾಠ ಮಾಡಿಬಿಟ್ಟಳು, ನನಗಿಂತ ಮೊದಲೇ. ಆಮೇಲೆ ಕಾಗದ ಬಂತು. ಟ್ರಂಕಿನಿಂದ ಮುತ್ಯಾ ಸಣ್ಣ ಸಣ್ಣ ಅಭ್ಯಾಸದ ಹಾಳೆ ತೆಗೆದು ನನ್ನೆದುರು ಇಡುವನು. ನಾನು ನುಡಿಸುತ್ತಿರುವ ಭಾಗದ ಮೇಲೆಯೇ ಒಂದು ಹಳೆಯ ಪೋಸ್ಟ್ ಕಾರ್ಡ್ ಮುಚ್ಚಿ, ಅದನ್ನು ಮುಂದಕ್ಕೆ ಸರಿಸುತ್ತ ಹೋಗುವನು. ನುಡಿಸುತ್ತಿರುವುದನ್ನು ನೋಡುವ ಹಾಗೇ ಇಲ್ಲ, ಮುಂದಿನದನ್ನೇ ನೋಡಬೇಕು.

"ಕಣ್ಣು ಮುಂದ ನಡೀಬೇಕು, ಕೈ ಹಿಂದಿಂದ ಬರಬೇಕು. ಕೈ ಕಡಿ ನೋಡ್ಕೋತ ಕುಂತಿ ಅಂದ್ರ ಪರೇಡ್ ನಿನ್ನ ಬಿಟ್ಟು ಹೋಗ್ತದ."

ಹೀಗೆ ಐದು ತಿಂಗಳು. ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದವನು ಈಗ ನಾನು ಸಾಲೆಯಿಂದ ಬರುವ ದಾರಿ ನೋಡುತ್ತಿದ್ದ. ಊಟದಲ್ಲಿ ಮಾತಾಡುತ್ತಿದ್ದ, ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಎಂದು ಜಗಳ ತೆಗೆಯುತ್ತಿದ್ದ. ಆ ಜಗಳ ಕೇಳಿ ಆಯಿಗೆ ಖುಷಿಯಾಗುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಪರೀಕ್ಷೆಯ ಶನಿವಾರ ಸಿಸ್ಟರ್ ನಾನು ಹಿಂದೆಂದೂ ನೋಡದ ಹಾಳೆಯನ್ನು ಎದುರಿಗಿಟ್ಟು, ತಾವು ಹಾರ್ಮೋನಿಯಮ್ಮಿಗೆ ಕೂತರು. ನಾನು ಕಣ್ಣು ಮುಂದೆ ನಡೆಸಿದೆ, ಕೈ ಹಿಂದಿನಿಂದ ಬಂತು. ಒಂದು ಸ್ವರವನ್ನೂ ಬಿಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಆದರೆ ಎರಡನೇ ಸಾಲಿಗೇ ಹುಡುಗಿಯರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಹಾರ್ಮೋನಿಯಂ ಒಂದು ದಾರಿ ಹಿಡಿದಿತ್ತು, ಗಿಟಾರ್ ಇನ್ನೊಂದು. ಸಿಸ್ಟರ್ ಹುಡುಗಿಯರನ್ನು ಹೊರಗೆ ಕಳಿಸಿ, ಸಿ ತೋರಿಸು ಅಂದರು. ನಾನು ಮೂರನೇ ತಂತಿಯ ಮೂರನೇ ಮನೆ ಒತ್ತಿದೆ. ಅವರು ಮೆಲ್ಲಗೆ ಎರಡು ಮನೆ ಮುಂದೆ ನನ್ನ ಬೆರಳನ್ನು ಸರಿಸಿದರು. ಎಲ್ಲ ಅಕ್ಷರಕ್ಕೂ ಹಾಗೇ, ಎರಡೆರಡು ಮನೆ.

"ಯಾರು ಕಲಿಸಿದ್ದು ಮಗಾ? ಅವರು ಕ್ಲಾರಿನೆಟ್ ಊದುತ್ತಿದ್ದರಾ?"

ಕರಾವಳಿಯ ಸಿಸ್ಟರ್ ಅವರು, ಮಾತು ಮೆತ್ತಗೆ. ಬ್ಯಾಂಡಿನ ಕ್ಲಾರಿನೆಟ್, ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ, ಎರಡನ್ನೂ ತುಸು ತಗ್ಗಿನ ದನಿಗೆ ಮಾಡಿರುತ್ತಾರೆ, ಅವರು ಸಿ ಎಂದು ಊದಿದರೆ ಬರುವ ದನಿ ಹಾರ್ಮೋನಿಯಮ್ಮಿನ ಸಿಗಿಂತ ಎರಡು ಮನೆ ಕೆಳಗೆ, ಅದಕ್ಕೆ ಸರಿಹೊಂದುವಂತೆಯೇ ಅವರ ಕಾಗದ ಬೇರೆ ಬರೆದಿರುತ್ತಾರೆ ಎಂದು ವಿವರಿಸಿದರು. ಕಾಗದ ಬರೆಯುವುದು ಬ್ಯಾಂಡ್ ಮಾಸ್ತರನ ಕೆಲಸ, ಊದುವವರಿಗೆ ಇದು ಗೊತ್ತಿರಲೇಬೇಕೆಂದಿಲ್ಲ ಎಂದೂ ಸೇರಿಸಿದರು. ಆಮೇಲೆ ನನ್ನ ಕಂಪಾಸ್ ಡಬ್ಬಿಯಿಂದ ಪೆನ್ಸಿಲ್ ತೆಗೆದು, ಎರಡನೇ ಮನೆಯಲ್ಲಿ ತಂತಿಗಳ ಮೇಲೆ ಅಡ್ಡ ಇಟ್ಟು, ನನ್ನ ಜಡೆಯ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿದರು. ಇನ್ನು ಅಲ್ಲಿಂದ ಮನೆ ಎಣಿಸು, ಕಲಿತದ್ದೆಲ್ಲ ಸರಿಯಾಗುತ್ತದೆ ಅಂದರು. ಸರಿಯಾಯಿತು. ಇಷ್ಟು ಚೆನ್ನಾಗಿ ಓದುವವರು ನಮ್ಮಲ್ಲಿ ಬೇರೆ ಇಲ್ಲ ಎಂದು ನನಗೆ ಬೆಂಚು ಕೊಟ್ಟರು.

ನಾನು ಮನೆಗೆ ಬರುವಾಗ ಖುಷಿಯಿಂದ ಬರಲಿಲ್ಲ. ನನಗೆ ನಾಚಿಕೆಯಾಗಿತ್ತು, ಮುತ್ಯಾನ ಮೇಲೆ ಸಿಟ್ಟೂ ಬಂದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಯಾಕೆ ಕಲಿಸಬೇಕಿತ್ತು ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಕಟ್ಟೆಯ ಮೇಲೆ ಅವನು ಗೋಡೆ ಹಿಡಿದು ಎದ್ದು ನಿಂತಿದ್ದ. ಬೆಂಚು ಸಿಕ್ಕಿತು ಎಂದೆ. ಅಷ್ಟೇ ಹೇಳಿದೆ. ಅವನು ಆಚೀಚೆ ಮನೆಗಳಿಗೆಲ್ಲ ಹೋಗಿ, ನಾ ಕಲಿಸಿದ ಓದು ಎಂದು ಪೇಢೆ ಹಂಚಿ ಬಂದ. ಭಾಲ್ಕಿಯ ಖಾಜಾಮಿಯಾ ಕಾಕಾನಿಗೆ ಕಾರ್ಡು ಬರೆದ. ಬಡಗಿಯನ್ನು ಯಾವಾಗ ಕರೆಯೋಣ ಎಂದು ಅಪ್ಪ ಕೇಳಿದ್ದಕ್ಕೆ, ಇನ್ನೂ ಕಲಿಯುವುದಿದೆ, ಅವಸರ ಬೇಡ ಅಂದ. ಅಂಥ ಹೊತ್ತಿನಲ್ಲಿ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಸಾಲೆಯಲ್ಲಿ ಪೆನ್ಸಿಲ್ ಕಟ್ಟುವುದು, ಮನೆಗೆ ಬರುವ ಮುಂಚೆ ಬಿಚ್ಚಿ ಕಂಪಾಸಿನಲ್ಲಿಡುವುದು, ಹೀಗೇ ಎರಡು ತಿಂಗಳು ಕಳೆದೆ.

ಒಂದು ಶನಿವಾರ ಬಿಚ್ಚಲು ಮರೆತೆ. ಮುತ್ಯಾನಿಗೆ ಒಂದು ರೂಢಿ ಇತ್ತು. ಪ್ರತಿದಿನ ಬೆಳಗ್ಗೆ ಮುಖ ತೊಳೆದು, ಕ್ಲಾರಿನೆಟ್ಟಿನಿಂದ ತನ್ನ ಆ ಒಂದೇ ಸ್ವರ ಹೊರಡಿಸಿ, ಗಿಟಾರಿನ ಸಿ ಜೊತೆ ಹೊಂದುತ್ತದೆಯೇ ಎಂದು ನೋಡಿ, ಜೋಲಿದ ತಂತಿ ಬಿಗಿಯುತ್ತಿದ್ದ. ಆ ಭಾನುವಾರ ನಾನು ಏಳುವ ಹೊತ್ತಿಗೆ ಅವನು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪೆನ್ಸಿಲ್ ಕಟ್ಟಿದ್ದು ಯಾಕೆ ಎಂದು ಕೇಳಿದ. ತಂತಿ ಝುಂಯ್ ಅನ್ನುತ್ತದೆ, ಅದಕ್ಕೇ ಎಂದು ಸುಳ್ಳು ಹೇಳಿದೆ. ಮುತ್ಯಾನ ಹಲ್ಲು ಹೋಗಿದ್ದವು, ಕಿವಿ ಹೋಗಿರಲಿಲ್ಲ. ಪೆನ್ಸಿಲ್ ಬಿಚ್ಚಿ ಮೀಟಿದ, ಕಟ್ಟಿ ಮೀಟಿದ, ಎರಡು ಮನೆ ಬೆರಳಿನಿಂದ ಎಣಿಸಿದ. ಗಿಟಾರ್ ಒಳಗಿಟ್ಟ. ಮರುದಿನ ಕೋಟು ತೊಟ್ಟು, ಟೊಪ್ಪಿಗೆ ಇಟ್ಟು, ಆ ಕಾಲಿನಲ್ಲೇ ಔರಾದದ ಬಸ್ಸು ಹತ್ತಿ ಹೋದ. ಅವನ ಬ್ಯಾಂಡ್ ಮಾಸ್ತರ ಅಲ್ಲಿದ್ದ. ಎಪ್ಪತ್ತು ದಾಟಿದ ನನ್ನ ಮುತ್ಯಾ, ತನಗೆ ಗೊತ್ತಿಲ್ಲದ್ದನ್ನು ಕೇಳಲು ತನ್ನ ಮಾಸ್ತರನ ಮನೆ ಹುಡುಕಿಕೊಂಡು ಹೋಗಿದ್ದ.

ಸಂಜೆ ಊಟಕ್ಕೆ ಬಂದವನು ಗೋಣಿಚೀಲವನ್ನು ಕಾಲಿನಿಂದ ಮೂಲೆಗೆ ಸರಿಸಿದ. ಗೋಡೆಗೆ ಆನಿಸಿದ್ದ ಉದ್ದ ಮಣೆಯನ್ನು ತೆಗೆದು, ಅಕ್ಷರದ ಮುಖ ಕೆಳಗೆ ಮಾಡಿ ಹಾಸಿ, ಅದರ ಮೇಲೆ ಕೂತು ಕಾಲು ಚಾಚಿದ. ಅವ್ವನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಅದರ ಮ್ಯಾಲ ಅಕ್ಷರ ಅವ ಅಲ್ಲೇನು ಎಂದಳು ಆಯಿ, ಜಗಳದ ದನಿಯಲ್ಲಲ್ಲ.

"ತಪ್ಪು ಅಕ್ಷರ ಅವ. ಅವುಗಳ ಮ್ಯಾಲ ಕುಂತರ ಪಾಪ ಇಲ್ಲ. ಹೆರಸೂದೂ ಬ್ಯಾಡ," ಅಂದ ಮುತ್ಯಾ. ತಾಟನ್ನೇ ನೋಡುತ್ತ, "ಮೂವತ್ತು ವರ್ಷ ಊದೀನಿ. ಒಂದಿನಾನೂ ಯಾಕಂತ ಕೇಳಲಿಲ್ಲ," ಅಂದ.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಮರುದಿನ ಬೆಳಗ್ಗೆ ಕ್ಲಾರಿನೆಟ್ಟಿನ ಸ್ವರ ಕೇಳಲಿಲ್ಲ. ಅವ್ವ ಒಲೆಯ ಮುಂದೆ ಅಭ್ಯಾಸಬಲದಿಂದ ಎರಡನೇ ತಂತಿ ಎಂದು ಶುರು ಮಾಡಿ, ಅಲ್ಲಿಗೇ ಬಿಟ್ಟಳು. ಮುತ್ಯಾ ಮತ್ತೆ ಕಟ್ಟೆಗೆ ಹೋದ. ಪುಂಡಿಪಲ್ಯ ಹೇಗಿದ್ದರೂ ಉಂಡು ಏಳುತ್ತಿದ್ದ. ಮಣೆ ಸಿಕ್ಕಿತ್ತು, ಕಾಲಿಗೆ ಆರಾಮಾಗಿತ್ತು, ಮನುಷ್ಯ ಮಾತ್ರ ಮನೆಯಲ್ಲಿ ಇದ್ದೂ ಇಲ್ಲದಂತಾದ. ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಆ ತಪ್ಪು ಮಣೆಯಿಂದಲೇ ನನಗೆ ಬೆಂಚು ಸಿಕ್ಕಿದ್ದು ಎಂದು ಹೇಳಲು ಎಷ್ಟೋ ಸಲ ಹೋದೆ. ಹೇಳಿದರೆ ಸಮಾಧಾನದ ಮಾತಾಗುತ್ತಿತ್ತು, ಅವನು ಸಮಾಧಾನದ ಮಾತನ್ನು ನಂಬುವವನಲ್ಲ.

ಹದಿನೈದು ದಿನಕ್ಕೆ ಖಾಜಾಮಿಯಾ ಕಾಕಾ ಬಂದರು. ಪಿಂಚಣಿಗೆಂದು ಭಾಲ್ಕಿಯಿಂದ ಬಂದಾಗಲೆಲ್ಲ ನಮ್ಮಲ್ಲೇ ಅವರ ಊಟ. ಕೈಯಲ್ಲಿ ರಿಪೇರಿಗೆ ತಂದಿದ್ದ ಕಾರ್ನೆಟ್ ಇತ್ತು. ಸಿಸ್ಟರ್ ಕ್ಲಾರಿನೆಟ್ಟಿನ ಜೊತೆಗೆ ಕಾರ್ನೆಟ್ಟಿನ ಹೆಸರನ್ನೂ ಹೇಳಿದ್ದು ನನಗೆ ಥಟ್ಟನೆ ನೆನಪಾಯಿತು, ಅಂದರೆ ಇದರ ಸಿಯೂ ಮುತ್ಯಾನ ಸಿಯೂ ಒಂದೇ. ಮುತ್ಯಾ ಹೊರಗೆ ಕಟ್ಟೆಯ ಮೇಲಿದ್ದ. ನಾನು ಟ್ರಂಕು ತೆಗೆದು, ಅಭ್ಯಾಸದ ಹಾಳೆಗಳ ಅಡಿಯಲ್ಲಿದ್ದ, ನಾನು ಎಂದೂ ನುಡಿಸದ ಒಂದು ಬ್ಯಾಂಡಿನ ಕಾಗದ ಎಳೆದೆ. ಮೂಲೆಯಲ್ಲಿ ಮಾಣಿಕಪ್ಪ ಎಂದು ಮುತ್ಯಾನ ಹೆಸರಿತ್ತು, ಮಡಿಕೆ ಬಿಟ್ಟುಹೋಗಿತ್ತು. ಕಾಕಾ, ಇದನ್ನು ನನ್ನ ಜೊತೆ ಊದ್ರಿ ಎಂದೆ. ನಮ್ಮ ಮಾಣಿಕಪ್ಪನ ಕಾಗದ ಇದು, ನಾವಿಬ್ಬರೂ ಇದನ್ನೇ ಊದಿದವರು ಎನ್ನುತ್ತ ಅವರು ಕಾರ್ನೆಟ್ಟಿನ ಬಾಯಿಗೆ ಕರ್ಚೀಫು ತುರುಕಿ ದನಿ ತಗ್ಗಿಸಿದರು. ನಾನು ಪೆನ್ಸಿಲ್ ಕಟ್ಟಲಿಲ್ಲ.

ಮೊದಲ ಸ್ವರ ಎರಡರದೂ ಒಂದೇ ಆಗಿ ಹೊರಟಿತು. ಎರಡನೆಯದೂ. ಕಣ್ಣು ಮುಂದೆ ನಡೆಯಬೇಕಿತ್ತು, ನಿಲ್ಲುವಂತಿರಲಿಲ್ಲ. ಮಣೆಯ ಕೆಂಪು ಅಕ್ಷರಗಳು ಹೇಳಿದ ಮನೆಗಳಿಗೇ ಬೆರಳು ಹೋಗುತ್ತಿತ್ತು, ಕಾರ್ನೆಟ್ ಅದೇ ಮನೆಗಳಲ್ಲಿ ಬಂದು ಕೂಡುತ್ತಿತ್ತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಡೆಯುವ ಸಪ್ಪಳ ಕೇಳಿತು. ನಾನು ತಲೆಯೆತ್ತಲಿಲ್ಲ. ಹಿಂದಿನಿಂದ ಒಂದು ಕೈ ಬಂದು, ನಾನು ನುಡಿಸುತ್ತಿದ್ದ ಭಾಗದ ಮೇಲೆ ಹಳೆಯ ಪೋಸ್ಟ್ ಕಾರ್ಡ್ ಮುಚ್ಚಿತು. ಮುಚ್ಚಿ, ಮೆಲ್ಲಗೆ ಮುಂದಕ್ಕೆ ಸರಿಸಿತು. ಕಾಗದ ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು.

ಮುಗಿದಾಗ ಮುತ್ಯಾ, ಕೊನೆಯ ಸಾಲಿನಲ್ಲಿ ಓಡಿದೆ, ಮೆರವಣಿಗೆ ಓಡುವುದಿಲ್ಲ ಅಂದ. ಅಷ್ಟೇ ಅಂದ.

ಅಂದು ಮಧ್ಯಾಹ್ನ ಅವ್ವ ಎಲ್ಲರಿಗೂ ಮಣೆ ಹಾಕಿ, ಖಾಜಾಮಿಯಾ ಕಾಕಾನಿಗೆ ನನ್ನದನ್ನು ಕೊಟ್ಟು, ಉದ್ದದ್ದನ್ನು ಮುತ್ಯಾನ ಜಾಗದಲ್ಲಿ ಹಾಸಿದಳು. ಮುತ್ಯಾ ಬಂದ. ಬಗ್ಗಿ ಮಣೆಯನ್ನೆತ್ತಿ, ತನ್ನ ಧೋತರದ ಚುಂಗಿನಿಂದ ಅಕ್ಷರಗಳ ಮೇಲಿನ ಧೂಳು ಒರೆಸಿ, ಮುಖ ನಮ್ಮ ಕಡೆ ಮಾಡಿ ಗೋಡೆಗೆ ಆನಿಸಿದ. ಮೂಲೆಯ ಗೋಣಿಚೀಲ ಜಾಡಿಸಿ ಮಡಚಿ ಹಾಸಿಕೊಂಡು, ಬಲಗಾಲನ್ನು ಫರಸಿಯ ಮೇಲೆ ಚಾಚಿದ. ಇಂಥಾ ಛಲೋ ಮಣೆ ಬಿಟ್ಟು ಗೋಣಿಯ ಮೇಲೆ ಯಾಕೆ ಕೂತೆ ಎಂದು ಕಾಕಾ ಕೇಳಿದರು. ಆಯಿ ಬಾಯಿ ತೆಗೆಯುವ ಮುಂಚೆ ಮುತ್ಯಾನೇ ಹೇಳಿದ.

"ಅದರ ಮ್ಯಾಲ ಅಕ್ಷರ ಅವ, ಖಾಜಾ. ಕೂಡಬಾರದು."